ಬುತ್ತಿ ಇಲ್ಲದ ಬೀಜ

ಕಾರ್ತಿಕ ಮಾಸದ ಕೊನೆಯ ಸೋಮವಾರ ಬಂತೆಂದರೆ ಬಸವನಗುಡಿಯ ಬುಲ್ ಟೆಂಪಲ್ ರಸ್ತೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಡಲೆಕಾಯಿ ಪರಿಷೆಯೆಂದರೆ ಹಾಗೆ. ಮಾಮೂಲ್‌ಪೇಟೆ, ಬಳೇಪೇಟೆ, ಚಿಕ್ಕಪೇಟೆಗಳ ಗಲ್ಲಿಗಳಿಂದ ಅಜ್ಜಿಯರು ಮೊಮ್ಮಕ್ಕಳ ಕೈ ಹಿಡಿದು ಬರುತ್ತಾರೆ. ರಸ್ತೆಯ ಎರಡೂ ಬದಿ ಕಾಯಿಯ ರಾಶಿ. ಹಸಿಯದು, ಹುರಿದದ್ದು, ಬೇಯಿಸಿದ್ದು. ಸೇರಿನಲ್ಲಿ ಅಳೆದು ಸುರಿದಮೇಲೆ ಇನ್ನೊಂದು ಹಿಡಿ ಕೊಸರು ಹಾಕದಿದ್ದರೆ ಅಜ್ಜಿಯರು ಚೀಲದ ಬಾಯಿ ಮುಚ್ಚುವುದಿಲ್ಲ. ದೊಡ್ಡ ಬಸವಣ್ಣನ ದರ್ಶನಕ್ಕೆ ಸಾಲು ಸಾಗುವಷ್ಟರಲ್ಲಿ ಅರ್ಧ ಚೀಲ ಖಾಲಿ.

ಸಾಲಿನಲ್ಲಿ ನಿಂತ ಮಕ್ಕಳು ಒಂದು ಹಸಿ ಬೀಜವನ್ನು ತಿನ್ನದೆ ಎರಡಾಗಿ ಒಡೆದು ನೋಡಲಿ. ಎರಡು ದಪ್ಪ ಬೇಳೆಗಳ ನಡುವೆ, ಒಂದು ತುದಿಯಲ್ಲಿ, ಹಕ್ಕಿಯ ಕೊಕ್ಕಿನಂಥ ಪುಟ್ಟ ಚೂರೊಂದು ಅಂಟಿಕೊಂಡಿರುತ್ತದೆ. ನಾಳೆ ಗಿಡವಾಗಿ ಏಳಬೇಕಾದದ್ದು ಅದು. ಬೇಳೆಗಳಲ್ಲಿ ತುಂಬಿರುವುದೆಲ್ಲ ಅದರ ಊಟ. ಬೇರು ಬಿಟ್ಟು ನೀರು ಹೀರಿ, ಎಲೆ ಬಿಚ್ಚಿ ಬಿಸಿಲು ಕುಡಿದು ತನ್ನ ಅನ್ನ ತಾನೇ ಬೇಯಿಸಿಕೊಳ್ಳುವವರೆಗೆ ಸಾಲುವಷ್ಟು ಎಣ್ಣೆ, ಪ್ರೋಟೀನು, ಪಿಷ್ಟ. ತಾಯಿಗಿಡ ಮಗುವಿಗೆ ಕಟ್ಟಿಕೊಟ್ಟ ಬುತ್ತಿ ಇದು. ಪರಿಷೆಗೆ ಬಂದವರೆಲ್ಲ ತಿನ್ನುವುದು ಆ ಬುತ್ತಿಯನ್ನೇ.

ಕಡಲೆಗಿಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಹೂ ಅರಳುವುದು ನೆಲದ ಮೇಲೆ. ಫಲಗಟ್ಟಿದ ಮೇಲೆ ಅಂಡಾಶಯದ ಬುಡ ಸೂಜಿಯಂತೆ ಉದ್ದವಾಗಿ ಬೆಳೆದು, ಕೆಳಗೆ ಬಾಗಿ, ಮಣ್ಣಿನೊಳಗೆ ಇಳಿಯುತ್ತದೆ. ಕಾಯಿ ಕಟ್ಟುವುದು ಅಲ್ಲಿ, ಕತ್ತಲಲ್ಲಿ. ಅಂದರೆ ಈ ತಾಯಿ ಮಗುವಿಗೆ ಬುತ್ತಿ ಕಟ್ಟುವುದಷ್ಟೇ ಅಲ್ಲ, ಅದನ್ನು ತಾನೇ ಕೈಯಾರೆ ನೆಲದಲ್ಲಿ ಮಲಗಿಸುತ್ತಾಳೆ.

ಕಡಲೆಕಾಯಿ ಈ ನೆಲದ್ದಲ್ಲ, ದಕ್ಷಿಣ ಅಮೆರಿಕದಿಂದ ಬಂದದ್ದು ಎಂಬುದು ಪರಿಷೆಯ ಜನಕ್ಕೆ ನೆನಪಿರುವುದಿಲ್ಲ. ಇರಬೇಕಾದ ಅಗತ್ಯವೂ ಇಲ್ಲ. ಅಲ್ಲಿಂದ ಬಂದು ಅಡುಗೆಮನೆ ಸೇರಿದ ಇಂಥ ಕಾಯಿಪಲ್ಯಗಳ ಕಥೆಯನ್ನು ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಎಂಬ ಪುಸ್ತಕದಲ್ಲಿ ಬರೆದವರು ಸಸ್ಯಶಾಸ್ತ್ರಜ್ಞ ಬಿ.ಜಿ.ಎಲ್. ಸ್ವಾಮಿ. ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ. ಅವರ ತಂದೆಯ ಪ್ರತಿಮೆ ಪರಿಷೆಯ ಪಕ್ಕದಲ್ಲೇ, ಕಹಳೆ ಬಂಡೆಯ ಉದ್ಯಾನದಲ್ಲಿದೆ. ತಂದೆ 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಇರುವುದೂ ಇದೇ ರಸ್ತೆಯಲ್ಲಿ. ಹೌದು, ಡಿ.ವಿ.ಜಿ.ಯವರೇ.

ಡಿ.ವಿ.ಜಿ.ಯವರ ಹೆಸರಿಲ್ಲದ ಪಠ್ಯಪುಸ್ತಕ ಕನ್ನಡನಾಡಿನಲ್ಲಿ ಸಿಗುವುದು ಕಷ್ಟ. ಸ್ವಾಮಿಯವರನ್ನೂ ಓದಿದವರು ಬೇಕಾದಷ್ಟು. ಆದರೆ ಇಬ್ಬರ ನಡುವೆ ಇರಬೇಕಾದ ಮೂರನೆಯವರೊಬ್ಬರನ್ನು ಕುರಿತು ಮಕ್ಕಳಿಗೆ ಯಾರೂ ಹೆಚ್ಚು ಹೇಳುವುದಿಲ್ಲ. ಅವರು ಭಾಗೀರಥಮ್ಮ.

ಬಸವನಗುಡಿಯೆಂಬ ಬಡಾವಣೆಯ ಕಥೆಯಲ್ಲೇ ಸಾವು ಬೆರೆತಿದೆ ಎನ್ನಬೇಕು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಒತ್ತಾದ ಮನೆಗಳಲ್ಲಿ ಇಲಿ ಬಿದ್ದರೆ ಜನ ಮನೆ ಬಿಡುತ್ತಿದ್ದರು. ಅದಕ್ಕೂ ಮುಂಚೆ ಗುರುತು ಹಾಕಿ ಬಿಟ್ಟಿದ್ದ ಬಸವನಗುಡಿ, ಮಲ್ಲೇಶ್ವರಗಳು ಅನಂತರದ ವರ್ಷಗಳಲ್ಲಿ ಬೇಗ ತುಂಬಿದವು. ಗಾಳಿ ಬೆಳಕಿನ ಅಗಲ ರಸ್ತೆಗಳಿಗೆ ಮನೆ ಬದಲಿಸಿದವರಲ್ಲಿ ಎಷ್ಟೋ ಮಂದಿ ಯಾರನ್ನಾದರೂ ಕಳೆದುಕೊಂಡೇ ಬಂದವರು. ಹಳೆಯ ಬೆಂಗಳೂರಿನ ಮನೆಗಳಲ್ಲಿ ಸತ್ತವರ ಬಗ್ಗೆ ಮಕ್ಕಳ ಮುಂದೆ ಮಾತಾಡುತ್ತಿರಲಿಲ್ಲ. ವರ್ಷಕ್ಕೊಮ್ಮೆ ತಿಥಿಯ ದಿನ ಹೆಸರು ಕೇಳಿಬರುತ್ತಿತ್ತು, ವಡೆ ಪಾಯಸದ ಜೊತೆಗೆ. ಮತ್ತೆ ಮರುವರ್ಷದವರೆಗೆ ಇಲ್ಲ.

ಗುಂಡಪ್ಪನವರು 1887ರಲ್ಲಿ ಮುಳಬಾಗಿಲಿನಲ್ಲಿ ಹುಟ್ಟಿದವರು, ಶಾಲಾ ಮಾಸ್ತರರ ಮಗ. ಮೆಟ್ರಿಕ್ಯುಲೇಷನ್ ದಾಟಲಿಲ್ಲ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಸೋಡಾ ಕಾರ್ಖಾನೆಯಲ್ಲೂ ದುಡಿದರು. ಬೆಂಗಳೂರಿಗೆ ಬಂದು ಪತ್ರಿಕೆಗಳಲ್ಲಿ ಕೆಲಸ ಮಾಡಿ, 1913ರಲ್ಲಿ ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆಯನ್ನು ತಾವೇ ಆರಂಭಿಸಿದರು. ಪತ್ರಿಕೆ ನಡೆಸುವವನ ಮನೆಯಲ್ಲಿ ಹಣ ಎಷ್ಟಿರುತ್ತದೆಂಬುದು ಆಗಲೂ ಈಗಲೂ ಒಂದೇ ಲೆಕ್ಕ.

ಭಾಗೀರಥಮ್ಮನವರ ಬಗ್ಗೆ ಒಂದು ಪ್ರಸಂಗವನ್ನು ಹೇಳುವುದುಂಟು. ನೆಂಟರ ಮನೆಯಲ್ಲೊಂದು ಶುಭಕಾರ್ಯ. ಊರಿನ ಬಂಧುಗಳೆಲ್ಲ ಹೋಗಿದ್ದರು. ಇವರು ಹೋಗದೆ ಮನೆಯಲ್ಲೇ ಉಳಿದಿದ್ದರು. ಯಾಕೆ ಹೋಗಲಿಲ್ಲವೆಂದು ಗಂಡ ಕೇಳಿದಾಗ, ಇರುವುದು ಒಂದೇ ಸೀರೆ, ಅದೂ ಹರಿದಿದೆ, ಅದನ್ನುಟ್ಟು ನಾಲ್ಕು ಜನರ ನಡುವೆ ಹೋದರೆ ತಮ್ಮ ಗೌರವಕ್ಕೆ ಕುಂದಲ್ಲವೇ ಎಂಬ ಅರ್ಥದ ಮಾತು ಹೇಳಿದರಂತೆ. ಇನ್ನೊಂದು ಪ್ರಸಂಗ ಇದಕ್ಕಿಂತ ಪ್ರಸಿದ್ಧ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು. ಆ ಕಾಲದಲ್ಲಿ ಗುಂಡಪ್ಪನವರು ಸರ್ಕಾರಕ್ಕೆ ಮಾಡಿಕೊಟ್ಟ ಕೆಲಸಕ್ಕೆಂದು ಬಂದ ಚೆಕ್ಕುಗಳನ್ನು ಅವರು ಬ್ಯಾಂಕಿಗೆ ಒಯ್ಯಲೇ ಇಲ್ಲ, ಅವರು ತೀರಿಕೊಂಡ ಮೇಲೆ ಹಳೆಯ ಪೆಟ್ಟಿಗೆಯಲ್ಲಿ ಅವು ಹಾಗೆಯೇ ಸಿಕ್ಕವು ಎಂಬುದು.

ಈ ಎರಡು ಕಥೆಗಳನ್ನು ಶಾಲೆಗಳಲ್ಲಿ ಬೇರೆ ಬೇರೆ ದಿನ ಹೇಳುತ್ತಾರೆ. ಬೇರೆಯಾಗಿ ಕೇಳಿದರೆ ಎರಡೂ ಆದರ್ಶ. ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಮನಸ್ಸು ಸ್ವಲ್ಪ ತಡೆಯುತ್ತದೆ. ಚೆಕ್ಕು ಪೆಟ್ಟಿಗೆಯಲ್ಲಿ, ಹರಿದ ಸೀರೆ ಮೈಮೇಲೆ. ತತ್ವಕ್ಕಾಗಿ ಹಣ ಬೇಡವೆಂದ ಮನುಷ್ಯ ದೊಡ್ಡವರು, ಸಂದೇಹವಿಲ್ಲ. ಆದರೆ ಆ ತತ್ವದ ಖರ್ಚಿನಲ್ಲಿ ಒಂದು ಪಾಲನ್ನು ಅಡುಗೆಮನೆಯಲ್ಲಿ ಇನ್ನೊಬ್ಬರು ತೆತ್ತಿದ್ದರು. ಅವರ ಹೆಸರಿಗೆ ಪ್ರತಿಮೆಯಿಲ್ಲ. ಈ ಮಾತನ್ನು ಡಿ.ವಿ.ಜಿ.ಯವರ ಮೇಲಿನ ಆಕ್ಷೇಪಣೆಯೆಂದು ತಿಳಿಯಬೇಕಾಗಿಲ್ಲ. ಅವರಿಗೇ ಇದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದೀತು.

1924ರಲ್ಲಿ ಭಾಗೀರಥಮ್ಮನವರು ಬೆಂಕಿಯ ಆಕಸ್ಮಿಕಕ್ಕೆ ತುತ್ತಾಗಿ ತೀರಿಕೊಂಡರು.

ಸೌದೆ ಒಲೆ, ಸೀಮೆಎಣ್ಣೆ ಬುಡ್ಡಿಗಳ ಕಾಲ ಅದು. ಶಿವನಸಮುದ್ರದ ವಿದ್ಯುತ್ತು 1905ರಲ್ಲೇ ಬೆಂಗಳೂರಿನ ಬೀದಿ ಬೆಳಗಿತ್ತು, ನಿಜ. ಆದರೆ ಬೀದಿಯ ಬೆಳಕು ಅಡುಗೆಮನೆಯ ಒಳಗೆ ಬರುವುದಕ್ಕೆ ಇನ್ನೂ ಬಹಳ ಕಾಲ ಬೇಕಿತ್ತು. ಸುಟ್ಟ ಗಾಯಕ್ಕೆ ಇಂದಿನ ಚಿಕಿತ್ಸೆಯಿರಲಿಲ್ಲ. ಪೆನಿಸಿಲಿನ್ ಎಂಬ ಮಾತನ್ನು ಲೋಕ ಇನ್ನೂ ಕೇಳಿರಲಿಲ್ಲ, ಫ್ಲೆಮಿಂಗ್ ಅದನ್ನು ಗಮನಿಸಿದ್ದು 1928ರಲ್ಲಿ. ಗುಂಡಪ್ಪನವರಿಗೆ ಆಗ ಮೂವತ್ತೇಳು ವರ್ಷ. 1918ರಲ್ಲಿ ಹುಟ್ಟಿದ ಮಗನಿಗೆ ಆರು. ಹೆಣ್ಣುಮಕ್ಕಳೂ ಇದ್ದರು.

ಆ ಕಾಲದಲ್ಲಿ ಹೆಂಡತಿ ಸತ್ತ ಮೂವತ್ತೇಳರ ಗಂಡಸಿಗೆ ವರ್ಷದೊಳಗೆ ಹೆಣ್ಣು ಹುಡುಕುವವರು ಮನೆ ಬಾಗಿಲಿಗೇ ಬರುತ್ತಿದ್ದರು. ಮಕ್ಕಳನ್ನು ನೋಡಿಕೊಳ್ಳಲು ಒಬ್ಬರು ಬೇಡವೇ ಎಂಬುದು ಸಿದ್ಧವಾದ ಮಾತು. ಗುಂಡಪ್ಪನವರು ಮತ್ತೆ ಮದುವೆಯಾಗಲಿಲ್ಲ. 1975ರ ಅಕ್ಟೋಬರ್ 7ರಂದು ತೀರಿಕೊಳ್ಳುವವರೆಗೆ, ಐವತ್ತೊಂದು ವರ್ಷ, ಹಾಗೆಯೇ ಇದ್ದರು. ‘ಮಂಕುತಿಮ್ಮನ ಕಗ್ಗ’ 1943ರಲ್ಲಿ ಪ್ರಕಟವಾಯಿತು, ಆ ಸಾವಾಗಿ ಹತ್ತೊಂಬತ್ತು ವರ್ಷಕ್ಕೆ. ಕಗ್ಗದಲ್ಲಿ ವಿಧಿಯ ಮಾತು ಅಷ್ಟೊಂದು ಏಕೆ ಬರುತ್ತದೆಂದು ಕೇಳುವ ವಿದ್ಯಾರ್ಥಿಗಳಿಗೆ ವೇದಾಂತದ ಉತ್ತರ ಕೊಡುವ ಮುಂಚೆ ಈ ಇಸವಿಗಳನ್ನು ಹೇಳಬಹುದು.

ಆರು ವರ್ಷದ ಮಗುವಿಗೆ ತಾಯಿ ಎಷ್ಟು ನೆನಪಿರುತ್ತಾಳೆ? ಪೂರ್ತಿ ಮರೆಯುವ ವಯಸ್ಸಲ್ಲ, ಪೂರ್ತಿ ನೆನಪಿಟ್ಟುಕೊಳ್ಳುವ ವಯಸ್ಸೂ ಅಲ್ಲ. ಮುಖ ಮಸುಕಾಗಿ ಸೀರೆಯ ವಾಸನೆ ಉಳಿಯಬಹುದು. ಧ್ವನಿ ಹೋಗಿ ಬಳೆಯ ಸದ್ದು ಉಳಿಯಬಹುದು. ಇದು ಆ ಹುಡುಗನ ಮಾತೆಂದಲ್ಲ. ಚಿಕ್ಕಂದಿನಲ್ಲಿ ತಾಯಿಯನ್ನು ಕಳೆದುಕೊಂಡ ಯಾರನ್ನು ಕೇಳಿದರೂ ಹೀಗೇ ಏನೋ ಒಂದು ಚೂರು ಹೇಳುತ್ತಾರೆ. ಹೇಳಿ, ಇದು ನಿಜವಾಗಿ ನೆನಪೋ ಯಾರೋ ಹೇಳಿ ಕೇಳಿದ್ದೋ ಗೊತ್ತಿಲ್ಲ ಎನ್ನುತ್ತಾರೆ.

ಹುಡುಗ ಬೆಳೆದದ್ದು ಅಪ್ಪನ ಮಾತಿನ ನಡುವೆ, ಅಪ್ಪನ ಸ್ನೇಹಿತರ ನಡುವೆ. ಮಾಸ್ತಿ, ವಿ.ಸೀ.ಯಂಥವರ ಒಡನಾಟವಿದ್ದ ತಂದೆ. ಪುಸ್ತಕಕ್ಕೆ ಬಡತನವಿಲ್ಲದ ಮನೆ. ಇಷ್ಟೆಲ್ಲ ಸಾಹಿತ್ಯದ ನಡುವೆ ಬೆಳೆದ ಮಗ ಸೆಂಟ್ರಲ್ ಕಾಲೇಜಿಗೆ ಹೋಗಿ ಓದಿದ್ದು ಸಸ್ಯಶಾಸ್ತ್ರ. ಮೆಟ್ರಿಕ್ ದಾಟದ ತಂದೆ ಅದಕ್ಕೆ ಅಡ್ಡ ಬರಲಿಲ್ಲ. ಮಗುವಿನ ಕೋರ್ಸನ್ನು ಮನೆಯವರೆಲ್ಲ ಕೂತು ತೀರ್ಮಾನಿಸುವ ಕಾಲದ ತಂದೆತಾಯಿಗಳು ಈ ಸಾಲನ್ನು ಇನ್ನೊಮ್ಮೆ ಓದಿದರೆ ತಪ್ಪಿಲ್ಲ.

ಸಸ್ಯಶಾಸ್ತ್ರದಲ್ಲಿ ಸ್ವಾಮಿಯವರು ಹಿಡಿದ ದಾರಿ ಭ್ರೂಣಶಾಸ್ತ್ರ. ಹೂವಿನೊಳಗೆ ಅಂಡಕ, ಅಂಡಕದೊಳಗೆ ಭ್ರೂಣ, ಅದು ತಾಯಿಯ ಅಂಗಾಂಶದ ನಡುವೆ ಹೇಗೆ ಒಂದೊಂದೇ ಕಣವಾಗಿ ಬೆಳೆಯುತ್ತದೆ ಎಂಬುದನ್ನು ನೋಡುವ ಶಾಸ್ತ್ರ. ಇದು ಬಹಳ ತಾಳ್ಮೆಯ ಕೆಲಸ. ಎಳೆಯ ಕಾಯಿಯನ್ನು ರಾಸಾಯನಿಕದಲ್ಲಿ ಇಟ್ಟು, ಕರಗಿಸಿದ ಮೇಣದಲ್ಲಿ ಹುದುಗಿಸಿ, ಮೈಕ್ರೋಟೋಮ್ ಎಂಬ ಯಂತ್ರದಲ್ಲಿ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ತೆಳುವಾಗಿ ಹೋಳು ಮಾಡಬೇಕು. ಹೋಳುಗಳನ್ನು ಸಾಲಾಗಿ ಗಾಜಿನ ಮೇಲೆ ಅಂಟಿಸಿ, ಬಣ್ಣ ಕೊಟ್ಟು, ಸೂಕ್ಷ್ಮದರ್ಶಕದಡಿ ಒಂದೊಂದಾಗಿ ನೋಡಬೇಕು. ನೂರು ಹೋಳಿನಲ್ಲಿ ತೊಂಬತ್ತೊಂಬತ್ತರಲ್ಲಿ ಬೇಕಾದದ್ದು ಇರುವುದಿಲ್ಲ. ಇದ್ದ ಒಂದರಲ್ಲಿ ಕಂಡದ್ದನ್ನು ಕೈಯಲ್ಲೇ ಬರೆದುಕೊಳ್ಳಬೇಕು. ಸ್ವಾಮಿಯವರ ಕನ್ನಡ ಪುಸ್ತಕಗಳಲ್ಲಿರುವ ಸೊಗಸಾದ ಗಿಡದ ಚಿತ್ರಗಳನ್ನು ಬರೆದ ಕೈ ಪಳಗಿದ್ದು ಇಂಥ ಕೆಲಸದಲ್ಲಿ.

ಅವರು ವರ್ಷಗಟ್ಟಲೆ ನೋಡಿದ್ದು ಆರ್ಕಿಡ್‌ಗಳನ್ನು. ಮಲೆನಾಡಿನ ಮಕ್ಕಳಿಗೆ ಸೀತಾಳೆ ದಂಡೆ ಗೊತ್ತು. ಮರದ ಕೊಂಬೆಯಿಂದ ಜಡೆಯಂತೆ ಇಳಿಬಿದ್ದ ಗುಲಾಬಿ ಬಿಳುಪಿನ ಹೂಗೊಂಚಲು, ಅದೊಂದು ಆರ್ಕಿಡ್. ಇದರ ಸಂಸಾರದ ಗುಟ್ಟು ತಿಳಿಯಬೇಕಾದರೆ ಮೊದಲು ತೆಂಗಿನಕಾಯಿಯ ವಿಷಯ ತಿಳಿಯಬೇಕು.

ಹೂ ಬಿಡುವ ಗಿಡಗಳಲ್ಲಿ ಒಂದು ವಿಚಿತ್ರವಿದೆ. ಪರಾಗನಾಳ ಎರಡು ಗಂಡುಕಣಗಳನ್ನು ಹೊತ್ತು ತರುತ್ತದೆ. ಒಂದು ಅಂಡದೊಡನೆ ಕೂಡಿ ಮಗುವಾಗುತ್ತದೆ. ಇನ್ನೊಂದು ಪಕ್ಕದ ಕಣದೊಡನೆ ಕೂಡಿ ಭ್ರೂಣಾಹಾರವಾಗುತ್ತದೆ, ಅಂದರೆ ಮಗುವಿನ ಬುತ್ತಿ. ಇದನ್ನು 1898ರಲ್ಲಿ ರಷ್ಯದ ನವಾಶಿನ್ ಲಿಲ್ಲಿಯ ಜಾತಿಯ ಹೂಗಳಲ್ಲಿ ಕಂಡುಹಿಡಿದ. ಎಳನೀರು, ಕೊಬ್ಬರಿ ಎರಡೂ ಭ್ರೂಣಾಹಾರವೇ. ಅಕ್ಕಿ, ರಾಗಿ, ಜೋಳಗಳ ಹಿಟ್ಟೂ ಅದೇ. ಕಡಲೆಕಾಯಿ, ಅವರೆಯಂಥವುಗಳಲ್ಲಿ ಮಗು ಬುತ್ತಿಯನ್ನು ಬೀಜ ಬಲಿಯುವ ಮುಂಚೆಯೇ ಹೀರಿ ತನ್ನ ಬೇಳೆಗಳಲ್ಲಿ ತುಂಬಿಕೊಳ್ಳುತ್ತದೆ. ಹೇಗಾದರೂ ಬುತ್ತಿ ಇದ್ದೇ ಇರುತ್ತದೆ.

ಆರ್ಕಿಡ್‌ನಲ್ಲಿ ಇರುವುದಿಲ್ಲ. ಭ್ರೂಣಾಹಾರ ಮೊದಲ ಹೆಜ್ಜೆಯಲ್ಲೇ ನಿಂತು ನಶಿಸಿಹೋಗುತ್ತದೆ. ಬೀಜವೆಂದರೆ ಕಣ್ಣಿಗೆ ಕಾಣುವುದೇ ಕಷ್ಟವಾದ ಧೂಳು. ಕೆಲವು ಜಾತಿಗಳ ಒಂದೇ ಕಾಯಲ್ಲಿ ಹತ್ತು ಲಕ್ಷಕ್ಕೂ ಮೀರಿ ಬೀಜಗಳಿರುತ್ತವೆ. ಒಂದೊಂದರಲ್ಲೂ ಕೆಲವೇ ಕಣಗಳ ಒಂದು ಉಂಡೆ. ಬೇಳೆಯಿಲ್ಲ, ಬೇರಿಲ್ಲ, ಚಿಗುರಿನ ಗುರುತಿಲ್ಲ. ಕಾಯಿ ಒಡೆದರೆ ಗಾಳಿಗೆ ತೂರಿಹೋಗುತ್ತದೆ. ತಾಯಿ ಕೊಟ್ಟದ್ದು ಹಗುರವಾದ ಮೈಯೊಂದೇ.

ಹಾಗಾದರೆ ಇದು ಬದುಕುವುದು ಹೇಗೆ? ಉತ್ತರ ಕಂಡದ್ದು 1899ರಲ್ಲಿ, ಫ್ರಾನ್ಸಿನ ನೋಯೆಲ್ ಬರ್ನಾರ್ ಎಂಬ ಯುವಕನಿಗೆ. ಮೊಳೆತ ಆರ್ಕಿಡ್ ಬೀಜಗಳ ಒಳಗೆಲ್ಲ ಒಂದು ಬಗೆಯ ಬೂಷ್ಟು ಹಬ್ಬಿತ್ತು. ಕೊಳೆತ ಎಲೆ, ತೊಗಟೆಗಳಲ್ಲಿ ಬೆಳೆಯುವ ಶಿಲೀಂಧ್ರ ಆ ಬೀಜದೊಳಗೆ ಹೊಕ್ಕು ಅದಕ್ಕೆ ಅನ್ನ ಕೊಡುತ್ತದೆ. ಗಿಡ ಎಲೆ ಬಿಡುವವರೆಗೆ, ಕೆಲವಕ್ಕೆ ಜೀವನಪರ್ಯಂತ. ಬರ್ನಾರ್ 1911ರಲ್ಲಿ, ಮೂವತ್ತಾರರ ವಯಸ್ಸಿನಲ್ಲೇ ತೀರಿಕೊಂಡ. 1922ರಲ್ಲಿ ಅಮೆರಿಕದ ನಡ್ಸನ್, ಶಿಲೀಂಧ್ರವಿಲ್ಲದೆಯೂ ಸಕ್ಕರೆ ಬೆರೆಸಿದ ಅಗರ್ ಮೇಲೆ ಬೀಜ ಮೊಳೆಸಬಹುದೆಂದು ತೋರಿಸಿದ. ಇಂದು ಹೂವಿನಂಗಡಿಯಲ್ಲಿ ಕಾಣುವ ಆರ್ಕಿಡ್‌ಗಳ ವ್ಯಾಪಾರ ಬೆಳೆಯಲು ಆ ದಾರಿ ಬಹಳ ನೆರವಾಯಿತು. ಕಾಡಿನಲ್ಲಿ ಮಾತ್ರ ಲಕ್ಷಕ್ಕೆ ಒಂದು ಎರಡು, ಸರಿಯಾದ ತೊಗಟೆಯ ಮೇಲೆ ಸರಿಯಾದ ಶಿಲೀಂಧ್ರದ ಬಳಿ ಬಿದ್ದವು ಉಳಿಯುತ್ತವೆ.

ಆರನೇ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡ ಹುಡುಗ ಬೆಳೆದು ಬುತ್ತಿ ಇಲ್ಲದ ಬೀಜಗಳನ್ನೇ ಹುಡುಕಿಕೊಂಡು ಹೋದ ಎಂದು ಇಲ್ಲಿ ಗಂಟು ಹಾಕಿಬಿಡುವುದು ಸುಲಭ. ಸ್ವಾಮಿಯವರು ಬದುಕಿದ್ದರೆ ಅಂಥ ಗಂಟು ಹಾಕಿದವರನ್ನು ತಮ್ಮ ಮುಂದಿನ ಪುಸ್ತಕದಲ್ಲಿ ಚೆನ್ನಾಗಿ ಗೇಲಿ ಮಾಡುತ್ತಿದ್ದರು. ಆರ್ಕಿಡ್‌ನ ಭ್ರೂಣ ಆ ಕಾಲದಲ್ಲಿ ಶಾಸ್ತ್ರಕ್ಕೆ ಬೇಕಾದ ಪ್ರಶ್ನೆಯಾಗಿತ್ತು, ಗಿಡಗಳು ಕೈಗೆ ಸಿಗುತ್ತಿದ್ದವು, ಅಷ್ಟು ಕಾರಣ ಸಾಕು. ಆದರೂ 1949ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಆರ್ಕಿಡ್‌ಗಳ ಭ್ರೂಣವನ್ನು ಕುರಿತು ಅವರು ಪ್ರಕಟಿಸಿದ ದೀರ್ಘ ಲೇಖನಗಳನ್ನು ಸಸ್ಯಶಾಸ್ತ್ರಜ್ಞರು ಓದುವ ರೀತಿ ಬೇರೆ, ಭಾಗೀರಥಮ್ಮನವರ ಕಥೆ ಗೊತ್ತಿರುವವರು ಓದುವ ರೀತಿ ಬೇರೆ.

ಆ ಹೊತ್ತಿಗೆ ಸ್ವಾಮಿಯವರು ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಇರ್ವಿಂಗ್ ಬೈಲಿ ಎಂಬ ಹಿರಿಯ ವಿಜ್ಞಾನಿಯ ಜೊತೆ ಕೆಲಸ ಮಾಡುತ್ತಿದ್ದರು. ಇಬ್ಬರೂ ಸೇರಿ 1951ರಲ್ಲಿ ಬರೆದ ಲೇಖನವೊಂದು ಇಂದಿಗೂ ಉಲ್ಲೇಖವಾಗುತ್ತದೆ. ಅದರ ತಿರುಳನ್ನು ವೀಳ್ಯದೆಲೆಯಲ್ಲಿ ತೋರಿಸಬಹುದು. ಎಲೆಯನ್ನು ನಡುನರದ ಉದ್ದಕ್ಕೂ ಮಡಿಸಿ, ಅಂಚಿಗೆ ಅಂಚು ಕೂಡಿಸಿ ಹಿಡಿಯಿರಿ. ಮಡಿಕೆಯೊಳಗೆ ಎರಡು ಅಡಿಕೆ ಚೂರು. ಹೂವಿನ ನಡುವೆ ಅಂಡಕಗಳನ್ನು ಕಾಪಾಡುವ ಕಾರ್ಪೆಲ್ ಮೊದಮೊದಲು ಹೀಗೆ ಮಡಿಸಿದ ಎಲೆಯಂತೆಯೇ ಇತ್ತು ಎಂಬುದು ಅವರ ವಾದ. ಫಿಜಿ ದ್ವೀಪದ ಡೆಜೆನೇರಿಯದಂಥ ಗಿಡಗಳಲ್ಲಿ ಆ ಅಂಚು ಪೂರ್ತಿ ಬೆಸೆದಿರುವುದೂ ಇಲ್ಲ, ನವಿರು ಕೂದಲುಗಳು ಹೆಣೆದುಕೊಂಡು ಬಾಗಿಲು ಮುಚ್ಚಿರುತ್ತವೆ. ಈಗ ಬೇರೆ ಮಾದರಿಗಳೂ ಚರ್ಚೆಯಲ್ಲಿವೆ.

ಇದೇ ಜೋಡಿ 1950ರಲ್ಲಿ ಸಾರ್ಕಾಂಡ್ರ ಎಂಬ ಗಿಡದ ಕಾಂಡದಲ್ಲಿ ನೀರು ಸಾಗಿಸುವ ದೊಡ್ಡ ನಾಳಗಳಿಲ್ಲವೆಂದು ಬರೆದಿತ್ತು. 1987ರಲ್ಲಿ ಕಾರ್ಲ್‌ಕ್ವಿಸ್ಟ್ ಎಂಬ ವಿಜ್ಞಾನಿ ಇನ್ನಷ್ಟು ಸೂಕ್ಷ್ಮವಾಗಿ ನೋಡಿ, ಇವೆ ಎಂದ. ವಿಜ್ಞಾನದಲ್ಲಿ ಹೀಗೆ ಆಗುತ್ತಿರುತ್ತದೆ, ಇದರಿಂದ ಮೊದಲು ನೋಡಿದವರ ಮರ್ಯಾದೆಗೇನೂ ಕಡಿಮೆಯಿಲ್ಲ. ಅದೇ ಕುಲದ ಒಂದು ಜಾತಿಗೆ ಸ್ವಾಮಿಯವರು ತಮ್ಮ ಗುರುವಿನ ಹೆಸರಿಟ್ಟರು, ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ ಎಂದು.

1953ರಿಂದ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು. ಅಲ್ಲಿ ಪ್ರಾಧ್ಯಾಪಕರಾಗಿ, ಕೊನೆಗೆ ಪ್ರಿನ್ಸಿಪಾಲರಾದರು. ಅವರ ಬರಹಗಳನ್ನು ತೆರೆದರೆ ಮೊದಲು ಕೇಳಿಸುವುದು ನಗು. ‘ಕಾಲೇಜು ರಂಗ’ವನ್ನು ಪುಟ್ಟಣ್ಣ ಕಣಗಾಲ್ 1976ರಲ್ಲಿ ಸಿನಿಮಾ ಮಾಡಿದರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ‘ಹಸುರು ಹೊನ್ನು’ ಓದಿದವರಿಗೆ ಮೇಷ್ಟರೆಂದರೆ ಹೀಗಿರಬೇಕು ಎನಿಸುತ್ತದೆ. ಮಕ್ಕಳ ಹಸಿವು, ಜಗಳ, ತುಂಟತನ ಯಾವುದೂ ಆ ಕಣ್ಣಿಗೆ ತಪ್ಪುವುದಿಲ್ಲ. ತರಗತಿಯಲ್ಲಿ ಸಪ್ಪೆಯೆನಿಸುವ ಗಿಡದ ಹೆಸರು ಅಲ್ಲಿ ಊಟದ ಮಾತಿನ ನಡುವೆ ಬಂದುಬಿಡುತ್ತದೆ.

ಡಿ.ವಿ.ಜಿ.ಯವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದದ್ದು 1967ರಲ್ಲಿ, ಭಗವದ್ಗೀತೆಯನ್ನು ಕುರಿತ ಪುಸ್ತಕಕ್ಕೆ. ಮಗನಿಗೆ ಅದೇ ಪ್ರಶಸ್ತಿ 1978ರಲ್ಲಿ ಬಂತು, ಗಿಡಮರಗಳನ್ನು ಕುರಿತ ‘ಹಸುರು ಹೊನ್ನು’ವಿಗೆ. ಮೆಟ್ರಿಕ್ ದಾಟದ ಅಪ್ಪ, ಹಾರ್ವರ್ಡಿಗೆ ಹೋಗಿ ಬಂದ ಮಗ. ಮಗನಿಗೆ ಪ್ರಶಸ್ತಿ ಬರುವಾಗ ಅಪ್ಪ ಹೋಗಿ ಮೂರು ವರ್ಷವಾಗಿತ್ತು. ಅಮ್ಮ ಹೋಗಿ ಐವತ್ನಾಲ್ಕು.

ಸ್ವಾಮಿಯವರು 1980ರ ನವೆಂಬರ್ 2ರಂದು ಮೈಸೂರಿನಲ್ಲಿ ತೀರಿಕೊಂಡರು. ತಂದೆ ಎಂಬತ್ತೆಂಟರವರೆಗೆ ಬಾಳಿದ್ದರು. ಮಗನಿಗೆ ಅರವತ್ತೆರಡಷ್ಟೇ.

ಪರಿಷೆಯ ಮಾರನೆಯ ದಿನ ಕಹಳೆ ಬಂಡೆಯ ಸುತ್ತ ಕಡಲೆಸಿಪ್ಪೆಯದೇ ರಾಶಿ. ಪೊರಕೆಯವರು ಗುಡಿಸಿ ಗುಡಿಸಿ ಹಾಕುತ್ತಾರೆ. ಕಲ್ಲಿನ ಸಂದಿಗೆ, ಹುಲ್ಲಿನ ಬುಡಕ್ಕೆ ಉರುಳಿದ ಹಸಿ ಬೀಜಗಳು ಅವರ ಕೈಗೂ ಸಿಗುವುದಿಲ್ಲ. ಒಂದೆರಡು ದಿನ ಸೋನೆ ಹಿಡಿದರೆ ಸಾಕು, ಅವುಗಳಲ್ಲಿ ಕೆಲವು ಬೇಳೆ ಬಿಚ್ಚಿ ತಲೆಯೆತ್ತುತ್ತವೆ.